ಅಳುವ ಕಡ್ಡಿ

ಆ ಊರಿನಲ್ಲಿ ಯಾರೂ ಅಳುವ ಹಾಗಿರಲಿಲ್ಲ. ಹುಟ್ಟಿದಾಗಲೂ ಇಲ್ಲ, ಸತ್ತವರ ಮುಂದೆ ಕೂತಾಗಲೂ ಇಲ್ಲ. ಈರುಳ್ಳಿ ಹೆಚ್ಚುವಾಗ ಹೆಂಗಸರು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು ಅಂದರೆ ನೀವೇ ಊಹಿಸಿಕೊಳ್ಳಿ. ಇದೆಂಥಾ ಊರಪ್ಪಾ ಅಂತ ನಗಬೇಡಿ. ಈ ಕಥೆಯಲ್ಲಿ ಒಬ್ಬ ಹೀಗೇ ನಕ್ಕ, ಅವನಿಗೇನಾಯಿತು ಅಂತ ಮುಂದೆ ಹೇಳುತ್ತೇನೆ.

ಊರಿನ ನೆತ್ತಿಗೆ ಒಂದು ಗುಡ್ಡ, ಗುಡ್ಡದ ನೆತ್ತಿಗೆ ದೊಡ್ಡ ಕುಲುಮೆ. ಅದು ಹೊತ್ತಿಕೊಂಡ ದಿನವನ್ನು ಕಂಡವರು ಯಾರೂ ಉಳಿದಿರಲಿಲ್ಲ. ಕಲ್ಲು ತಿನ್ನುತ್ತಿತ್ತು, ಲೋಹ ಕಕ್ಕುತ್ತಿತ್ತು, ಮುಗಿಲಿಗೆ ಹೊಗೆ ಬಿಡುತ್ತಿತ್ತು. ಊರಿನ ಗಂಡಸರೆಲ್ಲ ಅದರ ಬಾಯಿಗೆ ಕಲ್ಲು ಹಾಕುವವರು. ಅದು ಉರಿದರೆ ಊರಿಗೆ ಅನ್ನ, ಆರಿದರೆ ಮಣ್ಣು. ಎಷ್ಟೋ ತಲೆಮಾರಿನ ಹಿಂದೆ ಒಬ್ಬ ಹೆಂಗಸು ಮೂರು ದಿನ ಬಿಡದೆ ಅತ್ತಳಂತೆ, ಆ ಅಳು ಕೇಳಿ ಕುಲುಮೆ ಆರಿಹೋಯಿತಂತೆ, ಜನ ಹುಲ್ಲು ತಿಂದರಂತೆ. ಅಂದಿನಿಂದ ಬೆಳಗಾದರೆ ಸಾಕು, ಪ್ರತಿ ಮನೆಯ ಹೊಸಿಲಲ್ಲಿ ನಿಂತು ಹೇಳುತ್ತಿದ್ದರು: "ಕುಲುಮೆ ಉರಿಯಲಿ, ಊರು ಉಣ್ಣಲಿ, ಯಾರೂ ಅಳದಿರಲಿ." ಮೂರು ಸಲ. ಹೇಳಿ ಒಳಗೆ ಹೋಗಿ ತಂಗಳು ಉಣ್ಣುತ್ತಿದ್ದರು.

ಅತ್ತವರಿಗೆ ಹೊಡೆತವಿಲ್ಲ, ಬೈಗುಳವಿಲ್ಲ. ಹೊಳೆಯ ಸೇತುವೆ ತನಕ ಊರೆಲ್ಲ ಜೊತೆಗೆ ನಡೆದು, ಅವರನ್ನು ಆಚೆ ಬಿಟ್ಟು, ಸೇತುವೆಯ ಬಾಗಿಲು ಹಾಕಿಕೊಂಡು ಬರುತ್ತಿದ್ದರು, ಅಷ್ಟೇ. ಕೂಸು ಅತ್ತರೆ ಹೆತ್ತವಳೂ ಅದನ್ನು ಎತ್ತಿಕೊಂಡು ಹೋಗಬೇಕು. ಹೆತ್ತವಳು ಅತ್ತರೆ ಅವಳೊಬ್ಬಳೇ ಹೋಗಬೇಕು. ಅಳದ ಕೂಸು ಊರಿನದು.

ದಿನಾ ಬೆಳಗ್ಗೆ ಸೂರಿನ ಮೇಲೆ, ಸೊಪ್ಪಿನ ಮಡಿಯ ಮೇಲೆ, ಬಾವಿಯ ನೀರಿನ ಮೇಲೆ ನುಣ್ಣನೆಯ ಬೂದುಪುಡಿ ಉದುರಿರುತ್ತಿತ್ತು. ಅದನ್ನು ಅವರು ಮುಗಿಲ ಹಿಟ್ಟು ಅನ್ನುತ್ತಿದ್ದರು. ಹೆಂಗಸರು ಅದನ್ನೇ ಗುಡಿಸಿ ತುಂಬಿಕೊಂಡು ಬಾಗಿಲಿಗೆ ರಂಗೋಲಿ ಇಡುತ್ತಿದ್ದರು. ಮಕ್ಕಳು ಆ ರಂಗೋಲಿಗೆ ಬೆರಳು ಅದ್ದಿ ನೆಕ್ಕುತ್ತಿದ್ದವು, ಯಾಕೆಂದರೆ ಅದು ಸಿಹಿ. "ನೋಡು, ಕುಲುಮೆ ನಮ್ಮ ಮಕ್ಕಳಿಗೆ ಸಕ್ಕರೆ ಚೆಲ್ತದೆ" ಅಂತ ಅಜ್ಜಿಯರು ಕೈ ಎತ್ತಿ ಮುಗಿಯುತ್ತಿದ್ದರು. ಪೂರಾ ಎತ್ತಲು ಆಗುತ್ತಿರಲಿಲ್ಲ, ಮುಂಗೈ ಜೋತುಬೀಳುತ್ತಿತ್ತು.

ಆ ಊರಿನವರಿಗೆ ಎಲ್ಲದಕ್ಕೂ ಒಂದು ಚೆಂದದ ಹೆಸರಿತ್ತು. ವಸಡಿನ ಅಂಚಿಗೆ ಮೂಡುವ ನೀಲಿ ಗೆರೆಗೆ ಬಾಯಿಯ ಬಳೆ ಅಂತ ಹೆಸರು. ಹೆಣ್ಣು ನೋಡಲು ಹೋದವರು ಮೊದಲು ತುಟಿ ಎತ್ತಿ ಅದನ್ನೇ ನೋಡುವರು, ಗೆರೆ ದಟ್ಟವಾಗಿದ್ದಷ್ಟೂ ಒಳ್ಳೆ ಮನೆತನ. ಜೋತುಬಿದ್ದ ಕೈಗೆ ವಿನಯದ ಕೈ ಅಂತ ಹೆಸರು. ಹೊಟ್ಟೆ ಹಿಂಡುವ ನೋವು ಬಂದು ನೆಲಕ್ಕೆ ಬಿದ್ದು ಒದ್ದಾಡಿದರೆ, ಕುಲುಮೆ ಒಳಗೆ ಮಾತಾಡುತ್ತಿದೆ ಅನ್ನುವರು. ಮಾತು ಮರೆತು ಗೋಡೆ ನೋಡುತ್ತ ಕೂರುವ ಮಗುವಿಗೆ ಗಟ್ಟಿ ಮಗು ಅನ್ನುವರು. ಹೆಸರಿಟ್ಟರೆ ಅರ್ಧ ಹೆದರಿಕೆ ಹೋಗುತ್ತದಲ್ಲ. ಉಳಿದರ್ಧ ಎಲ್ಲಿಗೆ ಹೋಗುತ್ತಿತ್ತೋ, ಯಾರೂ ಕೇಳಲಿಲ್ಲ.

ಇಂಥ ಊರಿನಲ್ಲಿ ಪಾತ್ರೆಗೆ ಕಲಾಯಿ ಹಾಕುವವಳೊಬ್ಬಳಿದ್ದಳು. ಎಲ್ಲರಿಗೂ ಅವಳು ಕಲಾಯವ್ವ. ತಾಮ್ರದ ಪಾತ್ರೆಗೆ ಒಳಗಡೆ ಕಲಾಯಿ ಇಲ್ಲದಿದ್ದರೆ ಹುಳಿ ಪದಾರ್ಥ ಕಿಲುಬು ಹಿಡಿದು ವಿಷವಾಗುತ್ತದೆ, ಅದು ನಿಮಗೂ ಗೊತ್ತು. ಅವಳು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ಒಳಗೆ ತಾಗಿಸಿ, ಕರಗಿದ್ದನ್ನು ಅರಳೆಯ ಉಂಡೆಯಿಂದ ಸರ್ರನೆ ಒರೆಸಿದಳೆಂದರೆ ಒಳಗೆಲ್ಲ ಬೆಳದಿಂಗಳು. ಊರಿನ ಒಂದೊಂದು ಚೆಂಬೂ, ಒಂದೊಂದು ಕೊಳದಪ್ಪಲೆಯೂ ಅವಳ ಕೈ ಹಾದು ಬಂದದ್ದು. ಊರನ್ನು ವಿಷದಿಂದ ಕಾಯುವವಳು ತಾನು ಅಂತ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಈ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಕೆಂಡ ಊದುವ ತಿದಿ ಹೊತ್ತು ಊರೂರು ತಿರುಗುತ್ತಿದ್ದವನು. ಅಂಗಡಿಯಲ್ಲಿ ತವರ ಕೊಳ್ಳುವಾಗ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡುತ್ತಿದ್ದ. ಒಳ್ಳೆ ತವರ ಬಗ್ಗುವಾಗ ಕಿರ್ರ್ ಅಂತ ಸಣ್ಣಗೆ ಸದ್ದು ಮಾಡುತ್ತದೆ, ಕಲಾಯಿಯವರು ಅದನ್ನು ತವರದ ಅಳು ಅನ್ನುತ್ತಾರೆ. "ಅಳಬೇಕು ಮಗಳೇ. ಅಳದಿದ್ರೆ ಅದು ತವರ ಅಲ್ಲ, ಸೀಸ. ಸೀಸ ಹಾಕಿದ ಪಾತ್ರೇಲಿ ಉಂಡವರು ಉದ್ಧಾರ ಆಗಲ್ಲ" ಅಂತ ಚಿಕ್ಕ ಹುಡುಗಿಯ ಕಿವಿಗೂ ಹಿಡಿಯುತ್ತಿದ್ದ.

ಹಾಗೆ ತಿರುಗುತ್ತ ಈ ಊರಿಗೆ ಬಂದ. ಇಲ್ಲಿ ಕಡ್ಡಿ ಕೊಳ್ಳಬೇಕಾದ್ದೇ ಇಲ್ಲ, ಕುಲುಮೆಯೇ ಗಾಡಿಗಟ್ಟಲೆ ಕಳಿಸುತ್ತದೆ! ಮೊದಲ ಕಡ್ಡಿಯನ್ನು ಅಪ್ಪ ಅಭ್ಯಾಸಬಲದಿಂದ ಕಿವಿಗೆ ಹಿಡಿದ. ಅಷ್ಟರಲ್ಲಿ ಊರಿನ ಹಿರಿಯ ಬಂದು ಅವನ ಕೈ ಹಿಡಿದುಕೊಂಡ. ಆ ಹಿರಿಯನಿಗೆ ಕಿವಿಯಯ್ಯ ಅಂತ ಹೆಸರು. ಮನೆಮನೆಯ ಗೋಡೆಗೆ ಕಿವಿಯಿಟ್ಟು, ಒಳಗೆ ಯಾರಾದರೂ ಅಳುತ್ತಿದ್ದಾರೋ ಅಂತ ಕೇಳುವುದೇ ಅವನ ಕೆಲಸ.

"ಬೇಡಪ್ಪ," ಅಂದ ಕಿವಿಯಯ್ಯ. "ನಮ್ಮೂರಲ್ಲಿ ಲೋಹವನ್ನೂ ಅಳಿಸೋ ಹಾಗಿಲ್ಲ."

ಅಪ್ಪನಿಗೆ ನಗು ಬಂತು. ಎಂಥಾ ಜನ ಇವರು ಅಂತ ನಕ್ಕು, ಬಗ್ಗಿಸದೆ ಕಡ್ಡಿಯನ್ನು ಕೆಳಗಿಟ್ಟ. ನಾನು ಹೇಳಿದ್ದು ಇವನನ್ನೇ. ಅವತ್ತಿನಿಂದ ಅವನೂ ಬಗ್ಗಿಸಲಿಲ್ಲ, ಅವನ ಮಗಳೂ ಬಗ್ಗಿಸಲಿಲ್ಲ. ಊರಿನ ನೇಮ ಮುರಿಯುವುದು ಯಾತಕ್ಕೆ, ಕಡ್ಡಿ ಥಳಥಳ ಹೊಳೆಯುತ್ತಿದೆಯಲ್ಲ? ಹತ್ತು ವರ್ಷಕ್ಕೆ ಅಪ್ಪನ ಎರಡೂ ಕೈ ಜೋತುಬಿದ್ದವು. ಹನ್ನೆರಡನೆಯ ವರ್ಷ ಅವನು ಮಗಳನ್ನೇ "ನೀನು ಯಾರ ಮನೆಯವಳಮ್ಮ?" ಅಂತ ಕೇಳುತ್ತ ಕೇಳುತ್ತ ಸತ್ತ. ಅವಳು ಅಳಲಿಲ್ಲ. ಮುಂದೆ ಗಂಡ ಹೊಟ್ಟೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ. ಆಗಲೂ ಅಳಲಿಲ್ಲ. ಆಗ ಅವಳು ಮೂರು ತಿಂಗಳ ಬಸುರಿ.

ಮಗಳು ಹುಟ್ಟಿದ್ದೇ ತಡ, ಸೂರು ಹಾರಿಹೋಗುವ ಹಾಗೆ ಅತ್ತಳು. ಅಯ್ಯೋ ಶಿವನೇ, ಎಂಥಾ ಗಂಟಲು ಅದು! ಹಸಿ ಬಾಣಂತಿ ಎದ್ದು ಬಂದು ತಿದಿ ಒತ್ತತೊಡಗಿದಳು. ಬುಸ್ ಬುಸ್ ಅನ್ನುವ ತಿದಿಯ ಸದ್ದಿನ ಕೆಳಗೆ ಕೂಸಿನ ಅಳು ಮುಚ್ಚಿಹೋಯಿತು. ಅಂದಿನಿಂದ ಕೂಸು ಬಾಯಿ ತೆರೆದರೆ ಅವಳು ತಿದಿಗೆ ಕಾಲು ಹಾಕುವಳು. ಹಾಲಿಗೆ ಅತ್ತರೆ ತಿದಿ, ಇರುವೆ ಕಚ್ಚಿದರೆ ತಿದಿ, ಹಲ್ಲು ಮೂಡುವಾಗ ಬೆಳಗಿನಿಂದ ಸಂಜೆಯವರೆಗೂ ತಿದಿ. ಗೋಡೆಗೆ ಕಿವಿಯಿಟ್ಟ ಕಿವಿಯಯ್ಯ "ಕಲಾಯವ್ವ ಎಷ್ಟು ಗೇಯ್ತಾಳಪ್ಪ, ಪುಣ್ಯಾತ್ಗಿತ್ತಿ" ಅಂದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ.

ಎರಡು ವರ್ಷ ತುಂಬುವ ಹೊತ್ತಿಗೆ ಅಳು ಕಡಿಮೆಯಾಯಿತು. ನಿಜ ಹೇಳಿಬಿಡುತ್ತೇನೆ, ಅವಳಿಗೆ ಆಗ ಖುಷಿಯೇ ಆಯಿತು. ಸದ್ಯ, ಬದುಕಿದೆವು ಅಂದುಕೊಂಡಳು. ತಿದಿಗೆ ಬಿಡುವು ಸಿಕ್ಕಿತು, ಅವಳ ಕಾಲಿಗೂ ಬಿಡುವು ಸಿಕ್ಕಿತು. ಮೂರು ತುಂಬಿತು. ನಾಲ್ಕು ತುಂಬಿತು.

ನಾಲ್ಕು ತುಂಬಿದ ಮೇಲೆ ಒಂದು ಮಧ್ಯಾಹ್ನ ಅವಳು ದೊಡ್ಡ ಹಂಡೆಯೊಂದಕ್ಕೆ ಕಲಾಯಿ ಹಾಕಿ ಪಕ್ಕಕ್ಕಿಟ್ಟು ನೀರು ತರಲು ಹೋಗಿದ್ದಳು. ಬಂದು ನೋಡಿದರೆ ಮಗಳು ಹಂಡೆಯ ಕಂಠದ ಮೇಲೆ ಅಂಗೈಯಿಟ್ಟುಕೊಂಡು ನಿಂತಿದ್ದಾಳೆ. ಸುಟ್ಟ ವಾಸನೆ. ಅವಳು ಕೊಡ ಎಸೆದು ಓಡಿ ಕೈ ಕಿತ್ತಳು. ಅಂಗೈ ಬೊಬ್ಬೆಯೆದ್ದು ಬೆಳ್ಳಗಾಗಿತ್ತು. ಮಗಳ ಮುಖದಲ್ಲಿ ಏನೂ ಇರಲಿಲ್ಲ.

"ಅವ್ವ, ಕೈ ಅಂಟ್ಕೊಂಡಿತ್ತು," ಅಂದಳು ಮಗಳು.

ಕಲಾಯವ್ವನಿಗೆ ಹೆದರಿಕೆಯಾಯಿತು. ಹುಟ್ಟಿದಾಗಿನಿಂದ ಅಂಥ ಹೆದರಿಕೆ ಆಗಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಪಾತ್ರೆ ತೋರಿಸಿ "ಇದೇನು, ಕೂಸೇ? ಇದೇನು?" ಅಂತ ಕೇಳಿದಳು. ಹೋದ ವರ್ಷ ಚೆಂಬು, ತಂಬಿಗೆ, ಗಿಂಡಿ, ಸೌಟು, ಕೊಳಗ ಅಂತ ಪಟಪಟ ಹೇಳುತ್ತಿದ್ದ ಹುಡುಗಿ ಈಗ ಚೆಂಬು ಅಂದಳು, ಸೌಟು ಅಂದಳು, ಆಮೇಲೆ ಸುಮ್ಮನಾದಳು. ಅವ್ವ ಅವಳ ತುಟಿ ಎತ್ತಿ ನೋಡಿದಳು. ವಸಡಿನ ಮೇಲೆ ದಾರದ ಹಾಗೆ ತೆಳ್ಳಗೆ ನೀಲಿ ಗೆರೆ ಮೂಡಿತ್ತು.

ಪಕ್ಕದ ಮನೆಯಲ್ಲಿ ನಾಲ್ಕು ಗಟ್ಟಿ ಮಕ್ಕಳ ತಾಯಿಯೊಬ್ಬಳಿದ್ದಳು. ಊರಿನಲ್ಲಿ ಅವಳಿಗೆ ಬಲು ಮರ್ಯಾದೆ. ಅವಳು ಇಣುಕಿ ನೋಡಿ, "ಬಂತಾ ಬಾಯಿ ಬಳೆ? ಅಯ್, ಒಳ್ಳೇದಾಯ್ತು ಬಿಡವ್ವ! ನಿನ್ನ ಮಗಳೂ ಗಟ್ಟಿ ಆಗ್ತಾವಳೆ," ಅಂದಳು.

"ಅಕ್ಕ, ನಿನ್ನ ಮಕ್ಕಳು ನಿನ್ನನ್ನ ಅವ್ವ ಅಂತ ಕರೀತಾವಾ?"

ನೆರೆಯವಳ ನಗು ಹಾಗೇ ನಿಂತಿತು. "ಕರೀದಿದ್ರೇನೀಗ? ಅಳಲ್ವಲ್ಲ," ಅಂದು ಸೆರಗು ಕೊಡವಿಕೊಂಡು ಹೋದಳು.

ಇದೆಲ್ಲ ಆ ಮುಗಿಲ ಹಿಟ್ಟಿನ ಕೆಲಸ ಅಂತ ಕಲಾಯವ್ವನಿಗೆ ಅನುಮಾನ ಬಂತು. ಬಾಗಿಲಿಗೆ ರಂಗೋಲಿ ಇಡುವುದನ್ನು ಬಿಟ್ಟಳು. ಕಿಟಕಿಗೆ ಗೋಣಿ ಕಟ್ಟಿದಳು. ಸೊಪ್ಪನ್ನು ಏಳು ನೀರಿನಲ್ಲಿ ತೊಳೆದಳು. ಇವಿಷ್ಟೂ ಸರಿಯೇ. ಇದರ ಜೊತೆಗೆ ಇನ್ನೊಂದು ಮಾಡಿದಳು. ಕಲಾಯಿಯವಳಲ್ಲದೆ ಬೇರೆ ಯಾರೂ ಮಾಡಲಾರದ ಕೆಲಸ. ಮಗಳಿಗೆ ಅಂತ ಒಂದು ಪುಟ್ಟ ತಪ್ಪಲೆ ಎತ್ತಿಟ್ಟು, ದಿನಾ ಬೆಳಗ್ಗೆ ಅದಕ್ಕೆ ಹೊಸದಾಗಿ ಕಲಾಯಿ ಹಾಕಿದಳು. ಒಂದು ಕೈ ಅಲ್ಲ, ಎರಡು ಕೈ. ನನ್ನ ಕೂಸು ಉಣ್ಣುವುದಕ್ಕೆ ಲೋಕದ ಯಾವ ವಿಷವೂ ತಾಗಬಾರದು ಅಂತ ಕಡ್ಡಿಯನ್ನು ಒತ್ತಿ ಒತ್ತಿ ಬಳಿದಳು. ಅದರಲ್ಲೇ ಹುಣಸೆ ಸಾರು ಕುದಿಸಿದಳು, ಅದರಲ್ಲೇ ಮಜ್ಜಿಗೆ ಇಟ್ಟಳು. ದಿನಾ ಬಳಿದಳು, ದಿನಾ ಉಣಿಸಿದಳು.

ಮಗಳು ಇನ್ನೂ ಸುಮ್ಮನಾದಳು. ಸೌಟು ಅನ್ನುವ ಮಾತೂ ಹೋಯಿತು. ಪಾತ್ರೆಗಳ ಹೆಸರಿನಲ್ಲಿ ಚೆಂಬು ಒಂದು ಉಳಿಯಿತು.

ಐದು ತುಂಬಿದ ಮಗುವನ್ನು ಊರ ಕಟ್ಟೆಗೆ ಕರೆದುಕೊಂಡು ಬರಬೇಕು, ಅದು ನೇಮ. ಅಲ್ಲಿ ಕಿವಿಯಯ್ಯ ಜಾಲಿಮುಳ್ಳಿನಿಂದ ಮಗುವಿನ ಹಿಮ್ಮಡಿಗೆ ಏಳು ಸಲ ಚುಚ್ಚುತ್ತಾನೆ. ಅಳದಿದ್ದರೆ ಕಾಲಿಗೆ ಕಡಗ ತೊಡಿಸುತ್ತಾರೆ, ಗೆಜ್ಜೆಯಿಲ್ಲದ ಮೂಕ ಕಡಗ. ಕಡಗ ತೊಟ್ಟ ಮಗು ಊರಿನದು. ಬೇರೆ ತಾಯಂದಿರು ಆ ದಿನ ಮಗುವಿನ ಕಿವಿಯಲ್ಲಿ "ಅಳಬ್ಯಾಡ ಬಂಗಾರ" ಅಂತ ಪಿಸುಗುಡುತ್ತಿದ್ದರು. ಕಲಾಯವ್ವ ಮಗಳನ್ನು ಎತ್ತಿಕೊಂಡು ಬರುತ್ತ ದಾರಿಯುದ್ದಕ್ಕೂ ಬೇರೆಯೇ ಹೇಳಿದಳು.

"ಅಳು ಕೂಸೇ. ಜೋರಾಗಿ ಅಳು. ನೀನು ಅತ್ರೆ ಇಬ್ರೂ ಆಚೆ ದಡಕ್ಕೆ ಹೋಗಬೋದು."

ಆಚೆ ದಡದಲ್ಲಿ ಏನಿದೆಯೋ ಅವಳು ಮರೆತಿದ್ದಳು. ಆದರೆ ಗಾಳಿ ತಿರುಗಿದ ದಿನ ಅತ್ತಲಿಂದ ಯಾವುದೋ ಮಗು ಅಳುವ ಸದ್ದು ತೇಲಿ ಬರುತ್ತಿತ್ತು. ಅಲ್ಲಿ ಮಕ್ಕಳು ಅಳುತ್ತವೆ. ಅಷ್ಟು ಸಾಕಿತ್ತು ಅವಳಿಗೆ.

ಕಟ್ಟೆಯ ಸುತ್ತ ಊರೆಲ್ಲ ನೆರೆದಿತ್ತು. "ಕುಲುಮೆ ಉರಿಯಲಿ, ಊರು ಉಣ್ಣಲಿ, ಯಾರೂ ಅಳದಿರಲಿ." ಕಿವಿಯಯ್ಯ ಮಗಳ ಕಾಲನ್ನು ಮಡಿಲಿಗೆ ತೆಗೆದುಕೊಂಡ. ಒಂದು ಮುಳ್ಳು. ಅಳು, ಅಂತ ತಾಯಿ ಮನಸ್ಸಿನಲ್ಲೇ ಅಂಗಲಾಚಿದಳು. ಎರಡು. ಮೂರು. ರಕ್ತದ ಹನಿ ಮೂಡಿತು. ನಾಲ್ಕು. ಮಗಳು ಮುಳ್ಳನ್ನೇ ನೋಡುತ್ತಿದ್ದಳು. ಐದು. ಆರು. ಅಳೇ ನನ್ನವ್ವಾ, ಅಳೇ! ಏಳು.

"ಗಟ್ಟಿ!" ಅಂತ ಕೂಗಿದ ಕಿವಿಯಯ್ಯ. "ಗಟ್ಟಿ! ಗಟ್ಟಿ!" ಅಂತ ಊರು ಕೂಗಿತು. ಕಾಲಿಗೆ ಕಡಗ ಬಿತ್ತು. ಪಾಯಸದ ಕೊಳದಪ್ಪಲೆಗಳು ಬಂದವು, ಬಡಿಸುವ ತಂಬಿಗೆಗಳು ಬಂದವು, ಎಲ್ಲ ಅವಳೇ ಕಲಾಯಿ ಹಾಕಿದವು, ಎಲ್ಲ ಬಿಸಿಲಿಗೆ ಹೊಳೆಯುತ್ತಿದ್ದವು. ಕುಲುಮೆಯ ಕಡೆಯಿಂದ ತಾಯಿಗೆ ಉಡುಗೊರೆಯಾಗಿ ಹೊಸ ಕಡ್ಡಿಯೊಂದನ್ನು ಕಿವಿಯಯ್ಯ ಅವಳ ಕೈಗಿಟ್ಟ, ಮೊಳದುದ್ದದ್ದು, ದಪ್ಪನೆಯದು.

ಅವಳ ಮುಂಗೈಗೂ ಈಚೆಗೆ ಬಲವಿರಲಿಲ್ಲ. ಕಡ್ಡಿ ಜಾರಿ ಕಟ್ಟೆಯ ಕಲ್ಲಂಚಿಗೆ ಬಿತ್ತು, ಬಿದ್ದಲ್ಲೇ ಬಳುಕಿ ಬಗ್ಗಿತು. ಏನೂ ಸದ್ದಾಗಲಿಲ್ಲ. ಕಿರ್ರ್ ಅನ್ನಲಿಲ್ಲ. ಅವಳು ಅದನ್ನು ಎತ್ತಿಕೊಂಡು, ಯಾರಿಗೂ ಕಾಣದ ಹಾಗೆ ಸೆರಗಿನೊಳಗೆ ಹಿಡಿದು, ಕಿವಿಯ ಹತ್ತಿರ ತಂದು ಇನ್ನೊಂದು ಸಲ ಬಗ್ಗಿಸಿದಳು. ಬೆಣ್ಣೆಯ ಹಾಗೆ ಬಗ್ಗಿತು. ಮೂಕ. ಇಪ್ಪತ್ತು ವರ್ಷದ ಹಿಂದೆ ಅಪ್ಪ ಹೇಳಿದ್ದು ಈಗ ಕೇಳಿಸಿತು: ಅಳದಿದ್ರೆ ಅದು ತವರ ಅಲ್ಲ.

ಅವಳ ಎದುರಿಗೆ ಊರೆಲ್ಲ ಪಾಯಸ ಕುಡಿಯುತ್ತಿತ್ತು. ಮಗಳೂ ಹೊಳೆಯುವ ತಂಬಿಗೆಯನ್ನು ಬಾಯಿಗೆ ಎತ್ತಿದ್ದಳು. ಅವಳು ಅದನ್ನು ಕಿತ್ತೆಸೆದು, ಮಗಳನ್ನು ಕಂಕುಳಿಗೆ ಹಾಕಿಕೊಂಡು ಮನೆಗೆ ಓಡಿದಳು.

ಅಪ್ಪನ ಹಳೆಯ ತಿದಿಯ ಚರ್ಮದ ಮಡಿಕೆಯಲ್ಲಿ ಒಂದು ಕಡ್ಡಿ ಇತ್ತು. ಈ ಊರಿಗೆ ಬರುವ ಮುಂಚೆ ಕೊಂಡದ್ದು, ಗೇಣುದ್ದದ್ದು. ಅದನ್ನು ಹೊರತೆಗೆದು ಬಗ್ಗಿಸಿದಳು.

ಕಿರ್ರ್.

ಮೂಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಮಗಳು ತಿರುಗಿದಳು. ಎಷ್ಟೋ ದಿನದಿಂದ ಯಾವುದಕ್ಕೂ ತಿರುಗದವಳು ಎದ್ದು ಬಂದು ಕಡ್ಡಿಯನ್ನು ಮುಟ್ಟಿದಳು.

"ಅವ್ವ, ಅದಕ್ಕೆ ನೋವಾಯ್ತಾ?"

ಕಲಾಯವ್ವ ಆ ಪುಟ್ಟ ತಪ್ಪಲೆಯನ್ನು ನೋಡಿದಳು. ದಿನಾ ಎರಡು ಕೈ. ಒತ್ತಿ ಒತ್ತಿ. ನನ್ನ ಕೈಯಾರೆ, ನನ್ನ ಕೈಯಾರೆ ಅಂತ ನೆಲಕ್ಕೆ ಕುಸಿದಳು. ಗಂಟಲಿನ ತನಕ ಬಂದ ಅಳುವನ್ನು ನುಂಗಿಕೊಂಡಳು. ಅತ್ತರೆ ಅವಳೊಬ್ಬಳೇ ಸೇತುವೆ ದಾಟಬೇಕು, ಕಡಗದ ಕೂಸು ಇಲ್ಲೇ ಉಳಿಯುತ್ತದೆ.

ಮಾರನೆಯ ಬೆಳಗ್ಗೆ ಅವಳು ಎರಡು ಕಡ್ಡಿ ಹಿಡಿದು ಕಟ್ಟೆಯ ಮೇಲೆ ನಿಂತಳು. ತಾನು ಕಾದ ಊರು, ತಾನೇ ವಿಷ ಬಳಿದ ಊರು. ಹೇಳದೆ ಹೋಗಲು ಅವಳ ಮನಸ್ಸು ಒಪ್ಪಲಿಲ್ಲ.

"ಎಲ್ಲ ಕೇಳಿ," ಅಂದಳು. "ನಾನು ನಿಮ್ಮ ಪಾತ್ರೆಗೆ ಹಾಕಿದ್ದು ತವರ ಅಲ್ಲ. ಸೀಸ. ಕುಲುಮೆ ಕೊಟ್ಟದ್ದೆಲ್ಲ ಸೀಸ. ಮುಗಿಲ ಹಿಟ್ಟೂ ಅದೇ. ನಿಮ್ಮ ಮಕ್ಕಳು ಗಟ್ಟಿ ಆಗಿಲ್ಲ, ಸಾಯ್ತಾ ಅವೆ. ಇವತ್ತೇ ಪಾತ್ರೆ ಎತ್ತಿ ಬಿಸಾಕಿ, ಮಣ್ಣಿನ ಮಡಕೇಲಿ ಉಣ್ಣಿ. ಬೇಕಾದ್ರೆ ಕೇಳ್ಕೊಳ್ಳಿ." ಕುಲುಮೆಯ ಕಡ್ಡಿಯನ್ನು ಬಗ್ಗಿಸಿದಳು, ಸದ್ದಿಲ್ಲ. ಅಪ್ಪನ ಕಡ್ಡಿಯನ್ನು ಬಗ್ಗಿಸಿದಳು. ಕಿರ್ರ್.

ಜನ ಹಿಂದಕ್ಕೆ ಸರಿದರು. ಕೆಲವರು ಕಿವಿ ಮುಚ್ಚಿಕೊಂಡರು.

"ಥೂ, ಆ ಕಡ್ಡಿ ಅಳ್ತದೆ!" ಅಂದ ಒಬ್ಬ.

"ಅದೇ ಕೆಟ್ಟದ್ದು. ನಮ್ಮದು ನೋಡು, ಎಷ್ಟು ಗಂಭೀರ!" ಅಂದ ಇನ್ನೊಬ್ಬ.

ನಾಲ್ಕು ಗಟ್ಟಿ ಮಕ್ಕಳ ತಾಯಿ ತನ್ನ ತಂಬಿಗೆಯನ್ನು ಎದೆಗೆ ಅವಚಿಕೊಂಡು, "ಇಷ್ಟು ಹೊಳೀತಾ ಅದೆ, ಇದು ವಿಷವಂತೆ! ಹೊಟ್ಟೆಕಿಚ್ಚು ಕಣೇ ನಿಂಗೆ," ಅಂದಳು. ತಂಬಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಕಿವಿಯಯ್ಯನಿಗೆ ಸಿಟ್ಟು ಬರಲಿಲ್ಲ. ಅವನಿಗೆ ಯಾವತ್ತೂ ಸಿಟ್ಟು ಬರುತ್ತಿರಲಿಲ್ಲ. "ಸಂಜೆಯೊಳಗೆ ಆ ಅಳೋ ಕಡ್ಡಿ ತಂದು ಕುಲುಮೆಗೆ ಹಾಕವ್ವ," ಅಂದ. "ಆಮೇಲೆ ನೀನು ಎಲ್ಲಿಗಾದ್ರೂ ಹೋಗು. ಕೂಸನ್ನ ನಾವು ನೋಡ್ಕೋತೀವಿ."

ಅವಳು ಸಂಜೆಯವರೆಗೆ ಕಾಯಲಿಲ್ಲ. ಬಿಸಿಲು ನೆತ್ತಿಗೆ ಬಂದು ಊರೆಲ್ಲ ಉಣ್ಣಲು ಕೂತ ಹೊತ್ತಿಗೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊಳೆಯ ಕಡೆ ನಡೆದಳು. ಈಜಿ ದಾಟುವಂಥ ಹೊಳೆಯಲ್ಲ ಅದು. ಕುಲುಮೆಯ ಕುದಿ ಅದಕ್ಕೇ ಇಳಿಯುತ್ತಿತ್ತು, ಕಾಲಿಟ್ಟವರ ಚರ್ಮ ಕಾಲಿನಲ್ಲಿ ಉಳಿಯುತ್ತಿರಲಿಲ್ಲ. ಇದ್ದದ್ದು ಒಂದೇ ಸೇತುವೆ, ಸೇತುವೆಗೆ ಒಂದೇ ಬಾಗಿಲು, ಬಾಗಿಲಿಗೆ ಒಬ್ಬ ಮುದುಕ. ಅವನ ಎರಡೂ ಕೈ ಮೊಣಕೈಯಿಂದ ಕೆಳಗೆ ಜೋತುಬಿದ್ದಿದ್ದವು. ಅಗುಳಿಯನ್ನು ಭುಜದಿಂದ ದೂಡಿ ತೆಗೆಯುತ್ತಿದ್ದ.

"ಕಡಗದ ಮಗು," ಅಂದ ಮುದುಕ, ಕಾಲು ನೋಡಿ. "ದಾಟೋ ಹಾಗಿಲ್ಲವ್ವ."

"ಅದು ಅಳ್ತದೆ ತಾತ. ಕಡಗ ತೊಡಿಸಿದ್ದು ತಪ್ಪಾಗ್ಯದೆ."

"ಅಳ್ತದಾ? ಹಂಗಾದ್ರೆ ನೇಮ ಉಂಟು. ಮೂರು ಸಲ ಅಳಲಿ. ನಾನು ಕೇಳಬೇಕು."

ಅವಳು ಮಗಳ ತೊಡೆ ಚಿವುಟಿದಳು. ಅಳು. ಉಗುರು ಇಳಿಯುವ ಹಾಗೆ ಚಿವುಟಿದಳು. ಅಳು, ನಿನ್ನ ಕಾಲಿಗೆ ಬೀಳ್ತೀನಿ. ಮಗಳು ಅವ್ವನ ಮುಖವನ್ನು ನೋಡುತ್ತಿದ್ದಳು, ಯಾರದೋ ಮುಖ ನೋಡುವ ಹಾಗೆ. ಹಿಂದೆ ಊರಿನ ಕಡೆಯಿಂದ ಕಿವಿಯಯ್ಯನ ದನಿ ಕೇಳಿಸಿತು: ಕಲಾಯವ್ವನ ಮನೆ ಖಾಲಿ, ಕಲಾಯವ್ವನ ಮನೆ ಖಾಲಿ.

ಅವಳು ಮಗಳನ್ನು ಎದೆಗೆ ಒತ್ತಿ ಹಿಡಿದಳು. ಅಪ್ಪನ ಕಡ್ಡಿ ಇಬ್ಬರ ನಡುವೆ ಸೆರಗಿನೊಳಗೆ ಇತ್ತು. ಬಲವಿಲ್ಲದ ಮುಂಗೈಯಿಂದ ಅದನ್ನು ಅದುಮಿದಳು. ಬಗ್ಗಲಿಲ್ಲ. ಮತ್ತೆ ಅದುಮಿದಳು. ಮಗಳ ಎದೆಗೂಡಿಗೆ ಒತ್ತುಕೊಟ್ಟು, ತನ್ನ ಮೈಭಾರವನ್ನೆಲ್ಲ ಹಾಕಿ ಅದುಮಿದಳು.

ಕಿರ್ರ್.

ಮುದುಕ ತಲೆ ಎತ್ತಿದ. "ಒಂದು," ಅಂದ.

ಹಿಂದೆ ದಾರಿಯಲ್ಲಿ ದೂಳೆದ್ದಿತು. ಕಡ್ಡಿಯನ್ನು ಇತ್ತ ತಿರುಗಿಸಿ ಅದುಮಿದಳು. ಕಿರ್ರ್. ಮೊದಲಿಗಿಂತ ಸಣ್ಣಗೆ.

"ಎರಡು."

ಮೂರನೆಯ ಸಲಕ್ಕೆ ಅವಳ ಕೈ ಪೂರಾ ಜೋತುಬಿದ್ದಿತು. ಹಲ್ಲು ಕಚ್ಚಿ, ಕೈ ಬಿಟ್ಟು, ಮಗಳನ್ನೂ ಕಡ್ಡಿಯನ್ನೂ ಸೇರಿಸಿ ಬಾಗಿಲ ಕಂಬಕ್ಕೆ ಒತ್ತಿದಳು. ಕಿರ್ರ್ ಅಂತು, ಹಾಗೇ ಚಟ್ ಅಂತ ಮುರಿಯಿತು.

ಮುದುಕ ಮೂರು ಅನ್ನಲಿಲ್ಲ, ಬಗ್ಗಿ ಮಗುವಿನ ಮುಖದ ಹತ್ತಿರ ಕಿವಿ ತಂದ. ಅವನಿಗೆ ಗೊತ್ತಾಗಿಬಿಟ್ಟಿತು ಅಂತ ಅವಳ ಜೀವ ಬಾಯಿಗೆ ಬಂತು.

"ಅಳು ಅಂದ್ರೆ ಹಿಂಗಾ ಇರೋದು?" ಅಂದ ಕಡೆಗೆ. "ನಂಗೆ ಮರೆತೇ ಹೋಗಿತ್ತು ಕಣವ್ವ." ಅಗುಳಿಗೆ ಭುಜ ಕೊಟ್ಟು ದೂಡಿದ. ಬಾಗಿಲು ತೆರೆಯಿತು.

ಅವಳು ಓಡಿದಳು. ಸೇತುವೆ ಮುಗಿದ ಮೇಲೂ ಓಡಿದಳು. ಹೊಗೆಯ ವಾಸನೆ ಹೋಗಿ, ನೆಲದಲ್ಲಿ ಹಸಿರು ಕಾಣುವ ತನಕ ಓಡಿ ಒಂದು ಹೊಂಗೆ ಮರದ ಕೆಳಗೆ ಬಿದ್ದಳು. ದೂರದಲ್ಲಿ ಯಾರದೋ ಮನೆಯ ಮಗು ಜೋರಾಗಿ ಅಳುತ್ತಿತ್ತು. ಯಾರೋ ಹೆಂಗಸು "ಬಂದೆ ಬಂದೆ, ಬಂದೆ ನನ್ನ ರಾಜ" ಅಂತ ಅತ್ತ ಓಡುತ್ತಿದ್ದಳು. ಕಲಾಯವ್ವ ಅದನ್ನು ಕೇಳುತ್ತ ಕೂತಳು, ಎಷ್ಟು ಕೇಳಿದರೂ ಸಾಲದು ಅನ್ನಿಸಿತು.

ಮಗಳ ಕಾಲಿನ ಕಡಗವನ್ನು ಕಲ್ಲಿನಿಂದ ಜಜ್ಜಿ ತೆಗೆದಳು. ಮಗಳು ಅವ್ವನ ಸೆರಗು ಬಿಡಿಸಿ ಮುರಿದ ಕಡ್ಡಿಯ ಎರಡು ತುಂಡುಗಳನ್ನು ಎತ್ತಿಕೊಂಡಳು. ಒಂದನ್ನು ಕಿವಿಗೆ ಹಿಡಿದು ಬಗ್ಗಿಸಲು ನೋಡಿದಳು. ತುಂಡು ಗಿಡ್ಡ, ಬೆರಳು ಎಳೆಯವು. ಬಗ್ಗಲಿಲ್ಲ.

"ಅವ್ವ, ಇದ್ಯಾಕೆ ಅಳ್ತಿಲ್ಲ?"

ಅಷ್ಟೇ. ಅಪ್ಪನಿಗೆ ಅಳದವಳು, ಗಂಡನಿಗೆ ಅಳದವಳು, ಎರಡು ವರ್ಷ ಕೂಸಿನ ಅಳುವನ್ನು ತಿದಿಯಿಂದ ಮುಚ್ಚಿದವಳು, ಬಾಯಿ ತೆರೆದು ಅತ್ತಳು. ಎದೆ ಹೊಡೆದುಕೊಂಡು ಅತ್ತಳು. ಇಲ್ಲಿ ತಡೆಯುವವರು ಯಾರೂ ಇಲ್ಲ ಅಂತ ಮಣ್ಣಿನ ಮೇಲೆ ಹೊರಳಿ ಅತ್ತಳು.

ಮಗಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಾಬರಿಯಿಂದ ಗುಡ್ಡದ ಕಡೆ ತಿರುಗಿ ನೋಡಿ, ಹತ್ತಿರ ಬಂದು, ತನ್ನ ತಣ್ಣನೆಯ ಪುಟ್ಟ ಕೈಯಿಂದ ಅವ್ವನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು.

"ಶ್... ಅಳಬ್ಯಾಡ," ಅಂದಳು. "ಕುಲುಮೆ ಆರೋಯ್ತದೆ."